ಶಾಂತಿ ಪ್ರದೇಶದಲ್ಲಿ ಶುರುವಾದ ಕಾಯಿಲೆ

ಸೇನೆಯ ವೈದ್ಯಕೀಯ ಮಂಡಳಿಗಳ ಕಡತಗಳಲ್ಲಿ ಪದೇಪದೇ ಕಾಣುವ ಒಂದು ಷರಾ ಇದೆ: ಕಾಯಿಲೆ ಶಾಂತಿ ಪ್ರದೇಶದಲ್ಲಿ ಶುರುವಾಗಿದೆ, ಹಾಗಾಗಿ ಸೇವೆಗೂ ಅದಕ್ಕೂ ಸಂಬಂಧವಿಲ್ಲ. ಅಂಗವೈಕಲ್ಯ ಪಿಂಚಣಿಯ ಅರ್ಜಿಗಳು ಈ ಒಂದು ಸಾಲಿಗೆ ಬಿದ್ದುಹೋಗುತ್ತವೆ. ಬೇರೆ ಕಾಯಿಲೆಗಳ ಮಾತು ಹಾಗಿರಲಿ, ಯುದ್ಧದ ಆಘಾತದಿಂದ ಮನಸ್ಸು ಗಾಯಗೊಂಡವನಿಗೆ ಈ ಷರಾ ಬರೆಯುವುದು ಅನ್ಯಾಯ. ಮುಂಚೂಣಿಯಲ್ಲಿ ಸಣ್ಣ ಸದ್ದಿಗೂ ಎಚ್ಚರಗೊಳ್ಳುವವನು ಬದುಕಿ ಬರುತ್ತಾನೆ. ಅದೇ ಎಚ್ಚರ ಊರಿನ ಮನೆಯಲ್ಲೂ ಬಿಡದೆ ಕಾಡಿದಾಗ ಅದು ಕಾಯಿಲೆ. ಆಘಾತವಾಗಿ ಆರು ತಿಂಗಳು ಕಳೆದ ಮೇಲೂ ಅದು ಪೂರ್ತಿಯಾಗಿ ಹೊರಬೀಳಬಹುದು ಎನ್ನುವುದು ಮನೋವೈದ್ಯರೆಲ್ಲ ಒಪ್ಪಿದ ಮಾತು. ಅಂದಮೇಲೆ ಅದು ಶಾಂತಿ ಪ್ರದೇಶದಲ್ಲಲ್ಲದೆ ಮತ್ತೆಲ್ಲಿ ಕಾಣಿಸಿಕೊಳ್ಳಬೇಕು?

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೊಡಗಿನ ಹಾಗೆ ಮನೆಮನೆಗೆ ಸೈನಿಕರಿಲ್ಲ. ಒಂಟಿಮನೆಗಳ ಸೀಮೆ ಇದು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆಯಿಂದ ಮರಳಿದವರಿಗೆ, 1999ರ ಕಾರ್ಗಿಲ್ ಕಂಡವರಿಗೆ, ಕಾಶ್ಮೀರದಲ್ಲಿ ವರ್ಷಗಟ್ಟಲೆ ಗಸ್ತು ತಿರುಗಿದವರಿಗೆ, ಅದನ್ನೆಲ್ಲ ಬಲ್ಲ ಇನ್ನೊಬ್ಬ ಪಕ್ಕದಲ್ಲಿ ಸಿಗುವುದಿಲ್ಲ. ಗದ್ದೆಗೆ ನುಗ್ಗುವ ಹಂದಿಗೆ ರಾತ್ರಿ ಈಡು ಹೊಡೆಯುತ್ತಾರೆ, ತೋಟಕ್ಕಿಳಿದ ಮಂಗನಿಗೆ ಗರ್ನಾಲು ಹಚ್ಚುತ್ತಾರೆ. ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವಕ್ಕೆ ತುಂಗೆಯ ದಡದಲ್ಲಿ ಸಿಡಿಮದ್ದು. ಇದನ್ನೆಲ್ಲ ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ಆ ಸದ್ದಿಗೆ ಒಬ್ಬ ಮನುಷ್ಯ ಊಟದ ಎಲೆ ಬಿಟ್ಟು ಎದ್ದು ಹೋಗುತ್ತಾನೆ ಎಂಬುದು ಊರಿಗೆ ಗೊತ್ತಿರಬೇಕು, ಅಷ್ಟೆ.

ಗೊತ್ತಿಲ್ಲದ್ದರಿಂದ ಊರು ಅದಕ್ಕೆ ‘ಮಿಲ್ಟ್ರಿ ಸಿಟ್ಟು’ ಎನ್ನುತ್ತದೆ. ನಡುರಾತ್ರಿ ಎದ್ದು ಅಗಳಿ ಹಾಕಿದೆಯೋ ಎಂದು ಮತ್ತೆ ಮತ್ತೆ ನೋಡುವುದು, ಮದುವೆಮನೆಗೆ ಹೋಗದಿರುವುದು, ಹೋದರೂ ಗೋಡೆಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತ ಕೂರುವುದು, ಸ್ನಾನಕ್ಕೂ ಊಟಕ್ಕೂ ಹೊತ್ತುಗೊತ್ತಿಲ್ಲದಿರುವುದು, ಕ್ಯಾಂಟೀನಿನ ರಮ್ಮನ್ನೇ ನಿದ್ದೆಯ ಔಷಧ ಮಾಡಿಕೊಳ್ಳುವುದು. ಮಲಗಿದವನನ್ನು ಮೈಮುಟ್ಟಿ ಎಬ್ಬಿಸಬಾರದು, ದೂರ ನಿಂತು ಹೆಸರು ಹಿಡಿದು ಕರೆಯಬೇಕು ಎಂಬುದನ್ನು ಹೆಂಡತಿ ಯಾರೂ ಹೇಳಿಕೊಡದೆ, ಪೆಟ್ಟು ತಿಂದು ಕಲಿತಿರುತ್ತಾಳೆ. ಮಕ್ಕಳ ಹಾಸಿಗೆ ಬೇರೆ ಕೋಣೆಗೆ ಹೋಗಿರುತ್ತದೆ. ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಸೊರಗಿದ ಮನೆಯಾದರೆ ತೋಟದ ಚಿಂತೆಯೂ ಅವಳದೇ. ಅವನ ದಿನಚರಿಯನ್ನು ಹಿಡಿದು ನಿಲ್ಲಿಸಿರುವ ಈ ಹೆಂಗಸನ್ನು ಪಿಂಚಣಿ ಕಡತ ಒಂದು ಮಾತೂ ಕೇಳುವುದಿಲ್ಲ.

ಅಂಗವೈಕಲ್ಯ ಪಿಂಚಣಿಯ ಈಗಿನ ವಿವಾದ ಹೊತ್ತಿಕೊಂಡದ್ದು 2023ರಲ್ಲಿ. ಅಧಿಕಾರಿಗಳಲ್ಲಿ ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಬಹಳ ಹೆಚ್ಚಿದೆ, ಅದರಲ್ಲಿ ರಕ್ತದೊತ್ತಡ, ಮಧುಮೇಹದಂಥ ಕಾಯಿಲೆಗಳ ಪಾಲು ದೊಡ್ಡದು ಎಂದು ಮಹಾಲೇಖಪಾಲರ ವರದಿ ಬೊಟ್ಟು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಕ್ಷಣಾ ಸಚಿವಾಲಯ ಹೊಸ ಅರ್ಹತಾ ನಿಯಮ ತಂದಿತು. ದುರುಪಯೋಗ ತಡೆಯಬೇಕೆಂಬುದನ್ನು ನಾನು ಒಪ್ಪುತ್ತೇನೆ. ಸುಳ್ಳು ಹೇಳಿ ಪಿಂಚಣಿ ಪಡೆದವನಿದ್ದರೆ ಅವನಿಂದ ವಸೂಲಿ ಮಾಡಲಿ. ಆದರೆ ಆ ಅನುಮಾನವನ್ನು ಹವಾಲ್ದಾರನ ಕೆಟ್ಟ ಕನಸಿನ ಮೇಲೂ ಹೊರಿಸುವುದು ಯಾವ ನ್ಯಾಯ?

ಇವನಂತೂ ಇಲ್ಲದ ಕಾಯಿಲೆಯನ್ನು ತೋರಿಸಿದವನಲ್ಲ, ಇದ್ದದ್ದನ್ನು ಬಚ್ಚಿಟ್ಟವನು. ಸೈನಿಕನ ಆರೋಗ್ಯವನ್ನು ಸೇನೆ ‘ಶೇಪ್’ ಎಂಬ ಐದು ಅಂಶಗಳಲ್ಲಿ ಅಳೆಯುತ್ತದೆ, ಮೊದಲನೆಯದೇ ಮನಸ್ಸು. ಅಲ್ಲಿ ದರ್ಜೆ ಇಳಿದರೆ ಬಡ್ತಿಗೆ ಕುತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡು ಸೇವಾವಧಿ ಮುಗಿಸುತ್ತಾನೆ. ಆ ಮೌನಕ್ಕೂ ದಂಡವಿದೆ: ಕಾಯಿಲೆಯಿಂದ ಸೇವೆಯ ನಡುವೆ ಹೊರಬಿದ್ದವರಿಗೆ ಮಾತ್ರ ಈ ಪಿಂಚಣಿಯ ಮೇಲೆ ತೆರಿಗೆ ವಿನಾಯಿತಿ, ಅವಧಿ ಮುಗಿಸಿ ಬಂದವರಿಗಿಲ್ಲ ಎಂದು 2019ರ ಜೂನಿನಲ್ಲಿ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿತು.

ಕಾನೂನು ಸರ್ಕಾರದ ಪರವಾಗಿಲ್ಲ. ಸೇರುವಾಗ ದಾಖಲೆಯಲ್ಲಿ ಕಾಯಿಲೆಯಿಲ್ಲದ ಸೈನಿಕನಿಗೆ ಆಮೇಲೆ ಬಂದದ್ದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸ್ಕಿಜೋಫ್ರೇನಿಯಾ ಎಂದು ಹೊರಕಳಿಸಿದ್ದ ಸೈನಿಕನೊಬ್ಬನ ಪ್ರಕರಣದಲ್ಲಿ, ಕಾರಣ ಕೊಡದ ವೈದ್ಯಕೀಯ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದು 2025ರಲ್ಲಿ ಮತ್ತೆ ಹೇಳಿತು. ಒಂದೇ ಮಾತನ್ನು ಒಬ್ಬೊಬ್ಬ ಸೈನಿಕನೂ ಕೋರ್ಟು ಹತ್ತಿ ಹೇಳಿಸಿಕೊಳ್ಳಬೇಕಾಗಿದೆ. ರಾತ್ರಿ ನಿದ್ದೆಯಿಲ್ಲದವನು ವಕೀಲರ ಹಿಂದೆ ಅಲೆಯುವುದು ಹೇಗೆ?

ಯೋಗ ಮಾಡಿ, ಕುಡಿತ ಬಿಡಿ, ಹೊತ್ತಿಗೆ ಸರಿಯಾಗಿ ಮಲಗಿ ಎಂಬ ಬುದ್ಧಿಮಾತಿಗೆ ಬರ ಇಲ್ಲ. ಅವು ಒಳ್ಳೆಯವೇ. ಬೆಳಗಿನ ನಡಿಗೆ, ಹಳೆಯ ಪಲ್ಟಣ್ಣಿನ ಗೆಳೆಯನಿಗೆ ವಾರಕ್ಕೊಂದು ಫೋನು, ಮನೆಯವರಿಗೆ ಮೊದಲೇ ಹೇಳಿ ಜಾತ್ರೆಯಿಂದ ಎದ್ದು ಬರುವ ಸ್ವಾತಂತ್ರ್ಯ, ಇವುಗಳಿಂದ ದಿನ ಸಾಗುತ್ತದೆ. ಆದರೆ ಸ್ವಂತ ಆರೈಕೆಯ ಹೆಸರಿನಲ್ಲಿ ಸರ್ಕಾರ ಕೈತೊಳೆದುಕೊಳ್ಳಬಾರದು. ಆಘಾತದ ಚಿಕಿತ್ಸೆಗೆ ತರಬೇತಿ ಪಡೆದವರ ಎದುರು ವಾರವಾರ ಕೂರಬೇಕು. ಟೆಲಿ ಮಾನಸ್‌ನ 14416 ಇದೆ, 2023ರ ಡಿಸೆಂಬರಿನಿಂದ ಪುಣೆಯಲ್ಲಿ ಸೇನೆಗೆಂದೇ ಅದರ ಘಟಕವೂ ಇದೆ. ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದ ಊರಿನಲ್ಲಿ ಅದೊಂದೇ ಸಾಲದು.

ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಮಾತಾಡಲು ಕಲಿಸಿದ ಡಾ. ಅಶೋಕ್ ಪೈ ಅವರ ಜಿಲ್ಲೆ ಇದು. ‘ಕಾಡಿನ ಬೆಂಕಿ’ಯಂಥ ಸಿನಿಮಾಕ್ಕೆ ಕತೆ ಕೊಟ್ಟವರು ಅವರು. ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮ 2014ರಿಂದ ಇದೆ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕೆಂಬುದೇ ಅದರ ಉದ್ದೇಶ. ತಿಂಗಳಿಗೊಂದು ಮಂಗಳವಾರವನ್ನು ಮಾಜಿ ಸೈನಿಕರಿಗೂ ಅವರ ಹೆಂಡಂದಿರಿಗೂ ಮೀಸಲಿಡಲಿ, ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಅವರು ಹೋಗುವ ಬದಲು ಅಲ್ಲಿನ ವೈದ್ಯರೇ ಇತ್ತ ಬರಲಿ. ವೈದ್ಯಕೀಯ ಮಂಡಳಿ ಮನೆಯವರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಬರೆದುಕೊಳ್ಳಲಿ. ಕಾರ್ಗಿಲ್ ವಿಜಯ ದಿನವಾದ ಜುಲೈ 26ರಂದು ಶಾಲು ಹೊದಿಸಲು ಬರುವ ಜನಪ್ರತಿನಿಧಿಗಳು ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿಸಲಿ: ಕಳೆದ ಹತ್ತು ವರ್ಷಗಳಲ್ಲಿ ಮಾನಸಿಕ ಕಾಯಿಲೆಯ ಎಷ್ಟು ಅರ್ಜಿಗಳನ್ನು ‘ಶಾಂತಿ ಪ್ರದೇಶ’ವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಲಾಗಿದೆ, ಅವನ್ನು ಮರುಪರಿಶೀಲಿಸುವುದು ಯಾವಾಗ?