ನೀವು ಕೊಟ್ಟ ರಕ್ತ ಬಾಣಂತಿಯ ಮಂಚದ ಬಳಿ ಏನಾಗುತ್ತದೆ?



ರಾಜ್ಯೋತ್ಸವ ಬಂತೆಂದರೆ ಬಾವುಟ, ಆರ್ಕೆಸ್ಟ್ರಾ, ಅನ್ನಸಂತರ್ಪಣೆ, ಜೊತೆಗೊಂದು ರಕ್ತದಾನ ಶಿಬಿರ. ನಮ್ಮ ಸಂಘಟನೆಗಳ ಒಳ್ಳೆಯ ಪದ್ಧತಿ ಇದು. ತೋಳು ಮಡಿಸಿ 350 ಮಿಲಿಲೀಟರ್ ಕೊಡುತ್ತೀರಿ, ಬಿಸ್ಕತ್ತು ತಿಂದು, ಸರ್ಟಿಫಿಕೇಟ್ ಹಿಡಿದು ಫೋಟೊಗೆ ನಿಲ್ಲುತ್ತೀರಿ. ತಪ್ಪೇನಿಲ್ಲ. ರಕ್ತ ಮಾರಿ ಹೊಟ್ಟೆ ಹೊರೆಯುತ್ತಿದ್ದವರ ಕಾಲ ನೋಡಿದವರಿಗೆ ಇದರ ಬೆಲೆ ಗೊತ್ತು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದಕ್ಕೆ ನಿಷೇಧ ಬಿತ್ತು. ಆ ಜಾಗ ತುಂಬಲು ಬೇಕಾದದ್ದು ನಿಮ್ಮಂಥ ಹುಡುಗರ ತೋಳು.

ಸರಿ, ಆ ಚೀಲ ಶಿಬಿರದಿಂದ ಹೊರಟ ಮೇಲೆ ಅದರ ಗತಿ ಏನು? ಯಾವತ್ತಾದರೂ ಕೇಳಿದ್ದೀರಾ?

ಅದರಲ್ಲೊಂದು ಪಾಲು ಹೆರಿಗೆ ಆಸ್ಪತ್ರೆಗೆ ಹೋಗುತ್ತದೆ. ಹೆರಿಗೆಯಾಗಿ ರಕ್ತ ನಿಲ್ಲದ ತಾಯಿಗೆ ಅದೇ ಜೀವ. ಆದರೆ ಬೇರೆ ಗುಂಪಿನ ರಕ್ತ ಏರಿದರೆ ಅದೇ ವಿಷ. ಈ ಅನಾಹುತ ಹೆಚ್ಚಾಗಿ ಆಗುವುದು ಪರೀಕ್ಷೆಯ ದೋಷದಿಂದಲ್ಲ, ಮಂಚದ ಬಳಿ ಆಳು ಅದಲುಬದಲಾಗುವುದರಿಂದ. ಒಂದೇ ವಾರ್ಡಿನಲ್ಲಿ ಮೂವರು ಲಕ್ಷ್ಮಿಯರು, ಇಬ್ಬರು ಮಂಜುಳಾ ಇರುತ್ತಾರೆ. 'ನೀವು ಲಕ್ಷ್ಮೀನಾ?' ಎಂದರೆ ನೋವಿನಲ್ಲಿ ನಿದ್ದೆಗೆಟ್ಟ ಹೆಂಗಸು 'ಹೂಂ' ಅನ್ನುತ್ತಾಳೆ. ತಿಳಿಯದ ಭಾಷೆಯಲ್ಲಿ ಕೇಳಿದರಂತೂ ಎಲ್ಲದಕ್ಕೂ 'ಹೂಂ'. ಕೇಳಬೇಕಾದದ್ದು ಹೀಗೆ: 'ನಿಮ್ಮ ಹೆಸರೇನಮ್ಮಾ? ಗಂಡನ ಹೆಸರು? ಯಾವೂರು?' ಉತ್ತರ ಆಕೆಯ ಬಾಯಿಂದಲೇ ಬರಬೇಕು. ಆಮೇಲೆ ಇಬ್ಬರು ಸಿಬ್ಬಂದಿ ನಿಂತು ಹೆಸರು, ಆಸ್ಪತ್ರೆಯ ನಂಬರ್, ರಕ್ತದ ಗುಂಪನ್ನು ಕೇಸ್ ಶೀಟಿನ ಜೊತೆಗೂ ಚೀಲದ ಚೀಟಿಯ ಜೊತೆಗೂ ತಾಳೆ ನೋಡಬೇಕು. ಪರೀಕ್ಷೆಗೆ ರಕ್ತ ತೆಗೆದ ಟ್ಯೂಬಿಗೆ ಮಂಚದ ಪಕ್ಕದಲ್ಲೇ ಹೆಸರು ಬರೆಯಬೇಕು. ನಾಲ್ಕು ಟ್ಯೂಬು ಜೇಬಿಗೆ ಹಾಕಿಕೊಂಡು ಹೋಗಿ ಡ್ಯೂಟಿ ರೂಮಿನಲ್ಲಿ ಬರೆಯುವುದಲ್ಲ.

ಏರಿಸಲು ಶುರು ಮಾಡಿದ ಮೊದಲ 15 ನಿಮಿಷ ಸಿಸ್ಟರ್ ಅಲ್ಲೇ ಇರಬೇಕು. ಹೊಂದದ ರಕ್ತವಾದರೆ ಸುಳಿವು ಸಿಗುವುದು ಆಗಲೇ. ಚಳಿ, ಜ್ವರ, ಸೊಂಟನೋವು, ಉಸಿರು ಕಟ್ಟುವುದು. 'ಏನೋ ಆಗ್ತಿದೆ ಸಿಸ್ಟರ್, ಜೀವ ಹೋದಂಗಾಗ್ತಿದೆ' ಎಂದು ತಾಯಿ ಹೇಳಿದರೆ ಅದನ್ನೂ ವೈದ್ಯಶಾಸ್ತ್ರ ಲಕ್ಷಣವೆಂದೇ ಎಣಿಸುತ್ತದೆ. ತಕ್ಷಣ ರಕ್ತ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. ಈ ಮಾತು ಕೇಳುವವಳಿಗೆ ಕನ್ನಡ ಬಾರದಿದ್ದರೆ? ಕನ್ನಡ ಕೆಲಸಕ್ಕೆ, ಬೋರ್ಡಿಗೆ, ಸಿನಿಮಾಕ್ಕೆ ಬೇಕೆಂದು ಕೂಗಿದ್ದೇವೆ. ಇಲ್ಲಿ ಪ್ರಾಣಕ್ಕೇ ಬೇಕು, ಸ್ವಾಮಿ!

ಹಾಗೆಂದು ಹೊರಗಿನಿಂದ ಬಂದ ಸಿಸ್ಟರ್‌ಗಳನ್ನು ಬೈಯುವುದಕ್ಕೆ ಹೊರಡಬೇಡಿ. ರಾತ್ರಿಪಾಳಿಯಲ್ಲಿ ನಮ್ಮ ತಾಯಂದಿರ ಮಲಮೂತ್ರ ತೆಗೆದವರು ಅವರು. ಅವರಿಗೆ ವಾರ್ಡಿನ ಕನ್ನಡ ಕಲಿಸದ ಆಡಳಿತ ಮಂಡಳಿಯನ್ನು ಕೇಳಿ. ನಮ್ಮದೇ ಹಳ್ಳಿಯ ಹುಡುಗಿಗೂ ನರ್ಸಿಂಗ್ ಪಾಠವೆಲ್ಲ ಇಂಗ್ಲಿಷಿನಲ್ಲಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ರಾತ್ರಿ ಎರಡು ಗಂಟೆಗೆ, ರಕ್ತ ಹರಿಯುವಾಗ, ನೆನಪಿಗೆ ಬರುವುದೇ? ಅವಳಿಗೆ ವರ್ಷ ವರ್ಷ, ಕನ್ನಡದಲ್ಲಿ, ಕೈಯಲ್ಲಿ ಚೀಲ ಹಿಡಿಸಿ ತರಬೇತಿ ಕೊಡಬೇಕು. ಆಯಾಗೂ ವಾರ್ಡ್ ಬಾಯ್‌ಗೂ ಕೊಡಬೇಕು. ಬ್ಲಡ್ ಬ್ಯಾಂಕಿನಿಂದ ಚೀಲ ತರುವವರು ಎಷ್ಟೋ ಕಡೆ ಅವರೇ. ತಂದ ಚೀಲವನ್ನು 30 ನಿಮಿಷದೊಳಗೆ ಶುರು ಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಬಾರದು ಎಂದು ಅವರಿಗೆ ಹೇಳುವವರು ಯಾರು?

ತರಬೇತಿಯಿಂದ ಏನಾಗುತ್ತದೆ ಎನ್ನುವವರು ಬೆಳಗಾವಿಯನ್ನು ನೋಡಲಿ. ಬೆಳಗಾವಿ ಎಂದರೆ ನಮಗೆ ಗಡಿ ಜಗಳ, ಮಹಾಜನ ವರದಿ, ಕಲ್ಲು ತೂರಿದ ಬಸ್ಸು ಇಷ್ಟೇ ನೆನಪು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ ಸುತ್ತಲಿನ ಹಳ್ಳಿಗಳ ನರ್ಸಮ್ಮಂದಿರ ಕೈಲೇ ಒಂದು ಪ್ರಯೋಗ ಮಾಡಿಸಿದರು. 1620 ಹೆರಿಗೆ. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಅಚ್ಚು ಹಾಕಿತು. ಹರಿದ ರಕ್ತ ಅಳೆಯಲು ಅವರು ಬಳಸಿದ್ದು ಗೀಟು ಹಾಕಿದ ಒಂದು ಪ್ಲಾಸ್ಟಿಕ್ ಚೀಲ. ಕಣ್ಣಂದಾಜು ಆ ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ಬರುತ್ತಿತ್ತು. ಅಂದರೆ ಬಟ್ಟೆ ಒದ್ದೆಯಾದದ್ದು ನೋಡಿ 'ಅಷ್ಟೇನಿಲ್ಲ' ಎಂದು ಕಾಯುತ್ತ ಕೂತರೆ, ರಕ್ತಕ್ಕೆ ಚೀಟಿ ಬರೆಯುವ ಹೊತ್ತಿಗೆ ತಾಯಿ ಅರ್ಧ ದಾರಿ ಹೋಗಿರುತ್ತಾಳೆ. ಅಂಥದೇ ಅಳತೆಯ ಚೀಲ, ಕೂಡಲೇ ಮಾಡಬೇಕಾದ ಚಿಕಿತ್ಸೆ, ಜೊತೆಗೆ ಸಿಬ್ಬಂದಿಗೆ ತರಬೇತಿ, ಇಷ್ಟನ್ನು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಒಟ್ಟಿಗೆ ಜಾರಿ ಮಾಡಿದಾಗ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವೆಲ್ಲ ಸೇರಿ ಶೇ. 60 ಇಳಿದವು ಎಂದು 2023ರಲ್ಲಿ ವರದಿಯಾಯಿತು.

ಇನ್ನೊಂದು ಮಾತು, ರಕ್ತದಾನಿಗಳಿಗೆ ಕಹಿಯಾದೀತು. ಬೇಡದಿದ್ದರೂ ರಕ್ತ ಏರಿಸುವ ಚಟ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಬಸುರಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ. ಆರಂಭದಲ್ಲೇ ಕಬ್ಬಿಣದ ಮಾತ್ರೆ, ಅದು ಸಾಲದಿದ್ದರೆ ಕಬ್ಬಿಣದ ಇಂಜೆಕ್ಷನ್ ಕೊಟ್ಟಿದ್ದರೆ ಎಷ್ಟೋ ಜನಕ್ಕೆ ರಕ್ತದ ಮಾತೇ ಬರುತ್ತಿರಲಿಲ್ಲ. ರಕ್ತಸ್ರಾವ ನಿಂತ ಬಾಣಂತಿಗೆ ಒಂದು ಯುನಿಟ್ ಕೊಟ್ಟು, ಆಕೆಯನ್ನು ನೋಡಿ, ಮತ್ತೆ ಪರೀಕ್ಷಿಸಿ ಆಮೇಲೆ ಎರಡನೆಯದು ಬೇಕೋ ಬೇಡವೋ ನಿರ್ಧರಿಸಬೇಕು. 'ಎರಡು ಬಾಟಲಿ ತನ್ನಿ' ಎಂದು ಗಂಡನನ್ನು ಓಡಿಸುವುದು ಸುಲಭ.

ಈ ಸಲ ಶಿಬಿರ ಮಾಡುವಾಗ ಬ್ಲಡ್ ಬ್ಯಾಂಕಿನವರನ್ನೂ, ಅವರಿಂದ ರಕ್ತ ಪಡೆಯುವ ಹೆರಿಗೆ ಆಸ್ಪತ್ರೆಯವರನ್ನೂ ಕೇಳಿ: ರಕ್ತ ಏರಿಸುವ ಬಗ್ಗೆ ಸಿಬ್ಬಂದಿಗೆ ಕಡೆಯ ತರಬೇತಿ ಯಾವಾಗ ಆಯಿತು? ಯಾವ ಭಾಷೆಯಲ್ಲಿ? ಆಯಾಗಳು ಬಂದಿದ್ದರಾ? ತಾಯಿ ಸಹಿ ಹಾಕುವ ಒಪ್ಪಿಗೆ ಪತ್ರ ಕನ್ನಡದಲ್ಲಿದೆಯಾ, ಒಂದು ಪ್ರತಿ ತೋರಿಸಿ. ಉತ್ತರ ಸಿಗದಿದ್ದರೆ ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಿ. ಮಸಿ ಬೇಡ, ಕಲ್ಲು ಬೇಡ. ಅರ್ಜಿ ಕನ್ನಡದಲ್ಲಿರಲಿ, ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ತಾರೀಖು ಸಮೇತ ಮೊಹರು ಹಾಕಿಸಿಕೊಂಡು ಬನ್ನಿ.