ಕೈ ಸೋಲದೆ ಕುಣಿದರೂ ಲಕ್ವಾ ಇರಬಹುದು

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,
ಬೀದರ್



ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಲಕ್ವಾ ಎಂದು ಈಗ ನಮ್ಮ ಹಳ್ಳಿ, ತಾಂಡಾಗಳಲ್ಲೂ ಬಹಳ ಮಂದಿಗೆ ಗೊತ್ತು. ಅದರಲ್ಲಿ ನಿಮ್ಮ ಆಶಾ ಕಾರ್ಯಕರ್ತೆಯರ ಶ್ರಮ ದೊಡ್ಡದು. ಅವರ ಪಾಠದಲ್ಲಿ ಸೇರಬೇಕಾದ ಇನ್ನೊಂದು ಲಕ್ಷಣದ ಬಗ್ಗೆ ಈ ಪತ್ರ.

ಕೆಲವರಿಗೆ ಲಕ್ವಾ ಹೊಡೆದಾಗ ಕೈ ಸೋಲುವುದಿಲ್ಲ, ಕುಣಿಯತೊಡಗುತ್ತದೆ. ಸುಮ್ಮನೆ ಕೂತವರ ಒಂದು ಬದಿಯ ಕೈಕಾಲು ಇದ್ದಕ್ಕಿದ್ದಂತೆ ತಿರುಚುತ್ತವೆ, ಇಲ್ಲವೇ ಏನನ್ನೋ ಎಸೆದಂತೆ ಜೋರಾಗಿ ಬೀಸುತ್ತವೆ. ಮೆದುಳಿನ ಆಳದಲ್ಲಿ ಚಲನೆಗೆ ಕಡಿವಾಣ ಹಾಕುವ ಪುಟ್ಟ ಭಾಗಗಳಿವೆ. ಅಲ್ಲಿ ರಕ್ತ ಹರಿಯುವುದು ನಿಂತರೆ ಅಥವಾ ನಾಳ ಒಡೆದರೆ ಎದುರು ಬದಿಯ ಕೈಕಾಲು ಹೀಗೆ ಹಿಡಿತ ತಪ್ಪುತ್ತವೆ. ವೈದ್ಯರು ಇದನ್ನು ಹೆಮಿಕೊರಿಯಾ, ಹೆಮಿಬ್ಯಾಲಿಸ್ಮಸ್ ಎನ್ನುತ್ತಾರೆ. ಲಕ್ವಾ ಹೊಡೆದ 100 ಮಂದಿಯಲ್ಲಿ 1ರಿಂದ 4 ಮಂದಿಗೆ ಒಂದಿಲ್ಲೊಂದು ಬಗೆಯ ಅಸಹಜ ಚಲನೆ ಕಾಣುತ್ತದೆ ಎಂಬುದು ವೈದ್ಯಕೀಯ ಅಂದಾಜು.

ಅಪರೂಪವಾದ್ದರಿಂದಲೇ ಮನೆಯವರು ದಾರಿ ತಪ್ಪುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ, ಫಿಟ್ಸ್ ಎಂದು ಕೈಗೆ ಕಬ್ಬಿಣ ಹಿಡಿಸುತ್ತಾರೆ. ಆದರೆ ರೋಗಿಗೆ ಸಾಮಾನ್ಯವಾಗಿ ಪೂರ್ತಿ ಎಚ್ಚರವಿರುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ನಿದ್ದೆ ಹತ್ತಿದರೆ ಕುಣಿತವೂ ಸಾಮಾನ್ಯವಾಗಿ ನಿಲ್ಲುತ್ತದೆ. ಹೆಂಗಸರಾದರೆ ನಾಟಕ ಎಂಬ ಮಾತು ಬೇರೆ. ಇದು ನನಗೆ ಬಹಳ ನೋವಿನ ಸಂಗತಿ.

ಲಕ್ವಾದಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅದನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಅಷ್ಟರೊಳಗೆ ಮೆದುಳಿನ ಸ್ಕ್ಯಾನ್ ಆಗಿರಬೇಕು. ಭಾಲ್ಕಿಯಿಂದಾಗಲಿ ಔರಾದ್‌ನಿಂದಾಗಲಿ ಬೀದರ್ ಸುಮಾರು 40 ಕಿಲೋಮೀಟರ್. ಗಡಿ ಹಳ್ಳಿಗಳಿಗೆ ಇನ್ನೂ ದೂರ. ತಾಯತಕ್ಕೆ ಹೋದ ಒಂದು ತಾಸು ತಿರುಗಿ ಬರುವುದಿಲ್ಲ.

ಸಕ್ಕರೆ ಕಾಯಿಲೆ ವಿಪರೀತ ಏರಿದಾಗಲೂ ಇದೇ ಬಗೆಯ ಕುಣಿತ ಬರುವುದುಂಟು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಲು ಒಂದು ನಿಮಿಷ ಸಾಕು. ಆದರೆ ಸಕ್ಕರೆ ಹೆಚ್ಚಿದೆ ಎಂದು ಸ್ಕ್ಯಾನ್ ಬಿಡಬಾರದು. ಎದ್ದು ನಿಂತೊಡನೆ ಒಂದು ಕೈ ಗಡಗಡ ನಡುಗಿ, ಮಲಗಿದರೆ ನಿಲ್ಲುವುದೂ ಕತ್ತಿನ ರಕ್ತನಾಳ ಕಿರಿದಾದ ಸೂಚನೆ ಇರಬಹುದು. ಅದರ ಹಿಂದೆಯೇ ದೊಡ್ಡ ಲಕ್ವಾ ಬರುವ ಅಪಾಯವಿದೆ.

2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಊರ ಹತ್ತಿರದ ವೈದ್ಯರಿಗೆ ತರಬೇತಿ ಕೊಡುವುದು ಅದರ ಮುಖ್ಯ ಕೆಲಸ. ಆ ಕಾರ್ಯಕ್ರಮದ ನೆರವಿನಿಂದ ಭಾಲ್ಕಿ, ಔರಾದ್‌ನ ವೈದ್ಯರಿಗೆ, 108 ಆಂಬುಲೆನ್ಸ್ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಚಲನೆಯ ವಿಡಿಯೊ ತೋರಿಸಿ. ಓದಿ ತಿಳಿಯುವುದಕ್ಕಿಂತ ಒಮ್ಮೆ ನೋಡಿದರೆ ಗುರುತು ಹತ್ತುತ್ತದೆ. ಕನ್ನಡ, ಮರಾಠಿ, ಉರ್ದು, ತೆಲುಗಿನಲ್ಲಿ ಒಂದು ಸಾಲು ಗೋಡೆಗೆ ಬರಲಿ: ಒಂದು ಬದಿಯ ಕೈಕಾಲು ದಿಢೀರನೆ ತಾನೇ ಕುಣಿದರೆ 108ಕ್ಕೆ ಕರೆ ಮಾಡಿ.

ಇನ್ನೊಂದು ವಿನಂತಿ. ಈ ಕುಣಿತ ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ. ಗುಣವಾಯಿತೆಂದು ಬಿ.ಪಿ., ಶುಗರ್ ಗುಳಿಗೆ ಬಿಟ್ಟವರಿಗೆ ಲಕ್ವಾ ಮರುಕಳಿಸುವ ಭಯ ಹೆಚ್ಚು. ಕುಣಿತ ನಿಂತ ಮೇಲೂ ಆಶಾ ಕಾರ್ಯಕರ್ತೆ ಅಂಥವರ ಮನೆಗೆ ಹೋಗಿ ಗುಳಿಗೆ ವಿಚಾರಿಸುವಂತೆ ಆದೇಶ ಹೊರಡಿಸಿ.

ಇತಿ,
ಭಾಲ್ಕಿಯ ಒಬ್ಬ ನಾಗರಿಕ