ಮಗುವಿನ ನಾಲಿಗೆಯ ಬಿಳುಪು: ಹಾಲೋ, ಸೋಂಕೋ?

ಬಸುರಿಯಲ್ಲಿ ಬಿಳಿ ಸೆರಗು ಸ್ವಲ್ಪ ಹೆಚ್ಚಾಗುವುದು ಸಹಜ. ಆದರೆ ಅದು ಒಡೆದ ಹಾಲಿನಂತೆ ಗಟ್ಟಿಯಾಗಿದ್ದು, ತುರಿಕೆ, ಉರಿಯೂ ಇದ್ದರೆ ಕ್ಯಾಂಡಿಡಾ ಎಂಬ ಫಂಗಸ್‌ನ ಸೋಂಕಿರಬಹುದು. ಈ ಫಂಗಸ್ ಬಹಳ ಜನರ ಮೈಯಲ್ಲಿ ಸುಮ್ಮನೆ ಇರುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನು ಏರಿದಾಗ ಬೆಳೆಯಲು ಅದಕ್ಕೆ ಅನುಕೂಲ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು.

ಸಿಂಧನೂರಿನ ಭತ್ತದ ಗದ್ದೆಯಲ್ಲಿ ನೀರಲ್ಲೇ ನಿಂತು ನಾಟಿ ಮಾಡುವವರು, ಲಿಂಗಸುಗೂರು, ಮಸ್ಕಿಯ ಬಿಸಿಲಲ್ಲಿ ದುಡಿದು ಬೆವರುವವರು ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಬೇಕು. ಒಗೆದ ಒಳಉಡುಪನ್ನು ನಾಚಿಕೆಯಿಂದ ಸೀರೆಯ ಕೆಳಗೆ ಮುಚ್ಚಿಡಬೇಡಿ, ಬಿಸಿಲಿಗೇ ಹಾಕಿ.

ಈ ನಾಚಿಕೆಯೇ ದೊಡ್ಡ ತೊಂದರೆ. ಅತ್ತೆಗೆ ಹೇಳುವುದು ಹೇಗೆ, ಗಂಡ ಏನೆಂದುಕೊಂಡಾನು ಎಂದು ಒಂಬತ್ತು ತಿಂಗಳೂ ತುರಿಕೆ ನುಂಗಿಕೊಳ್ಳುವವರಿದ್ದಾರೆ. ಇದು ನಡತೆಗೆ ಅಂಟಿದ ರೋಗವಲ್ಲ, ತಾಯಂದಿರೇ. ಆಶಾ ಕಾರ್ಯಕರ್ತೆಗೆ ಹೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ಇದು ನಡೆದು ಬಂದಿದೆ. ವೈದ್ಯರು ಸಾಮಾನ್ಯವಾಗಿ ಒಳಗೆ ಇಟ್ಟುಕೊಳ್ಳುವ ಕ್ಲೋಟ್ರಿಮಾಜೋಲ್ ಗುಳಿಗೆಯನ್ನು 7 ದಿನಕ್ಕೆ ಕೊಡುತ್ತಾರೆ. ಎರಡು ದಿನಕ್ಕೆ ತುರಿಕೆ ನಿಂತಿತೆಂದು ಬಿಡಬೇಡಿ. ಔಷಧ ಅಂಗಡಿಯಲ್ಲಿ ಕೇಳಿ ಫ್ಲುಕೊನಜೋಲ್ ಮಾತ್ರೆ ನುಂಗುವುದು ಬಸುರಿಯಲ್ಲಿ ಬೇಡವೇ ಬೇಡ.

ಹೆರಿಗೆಯ ಹೊತ್ತಿನಲ್ಲಿ ಈ ಫಂಗಸ್ ಮಗುವಿನ ಬಾಯಿಗೆ ತಗಲಬಹುದು. ಕೆಲವು ದಿನಗಳ ಮೇಲೆ ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಬಿಳಿ ಮಚ್ಚೆ ಕಾಣುತ್ತವೆ. ಹಾಲಿನ ಬಿಳುಪಾದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಹೋಗುತ್ತದೆ. ಸೋಂಕಾದರೆ ಹೋಗದು, ಉಜ್ಜಿದರೆ ಕೆಂಪಾಗಿ ರಕ್ತ ಬರುತ್ತದೆ. ಅಜ್ಜಿಯಂದಿರು ಪ್ರೀತಿಯಿಂದಲೇ ಬೆರಳಿಗೆ ಜೇನು ಹಚ್ಚಿ ಉಜ್ಜಲು ಬರುತ್ತಾರೆ, ತಡೆಯಿರಿ. ವರ್ಷ ತುಂಬದ ಮಗುವಿಗೆ ಜೇನು ಅಪಾಯ.

ವೈದ್ಯರು ಬಾಯಿಗೆ ಹಾಕುವ ಔಷಧ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬಾಣಂತಿಯ ಮೊಲೆತೊಟ್ಟು ಉರಿಯುತ್ತಿದ್ದರೆ ಅದನ್ನೂ ಹೇಳಿ. ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗದಿದ್ದರೆ ಸೋಂಕು ಇವರಿಂದ ಅವರಿಗೆ ಓಡಾಡುತ್ತಲೇ ಇರುತ್ತದೆ. ಎದೆಹಾಲು ಮಾತ್ರ ನಿಲ್ಲಿಸಬೇಡಿ.

ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ತೀರ ಕಡಿಮೆ ಇರುವ ಕೂಸಿನ ಮಾತು ಬೇರೆ. ಅಂಥ ಮಕ್ಕಳಲ್ಲಿ ಫಂಗಸ್ ರಕ್ತಕ್ಕೂ ಸೇರಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಕೂಸು ಹಾಲು ಬಿಟ್ಟರೆ, ಸಪ್ಪಗಾದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ 108ಕ್ಕೆ ಕರೆ ಮಾಡಿ.